ಸೊನ್ನೆಯ ಕೆಳಗಿನ ಮೆಟ್ಟಿಲು

ಕಕ್ಕಿಂಜೆ
2 ಡಿಸೆಂಬರ್ 2024

ಶ್ರೇಯಾ,

ಲಕೋಟೆಯ ಮೇಲಿನ ಅಕ್ಷರ ಕಂಡ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕಬೇಡ. ಎರಡು ವರ್ಷದ ಸಿಟ್ಟನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಓದು, ಓದಿ ಮುಗಿದ ಮೇಲೆ ಬೇಕಿದ್ದರೆ ಪುನಃ ಎತ್ತಿಕೊ.

ನನಗೆ ಭಯವಾಗಿದೆ. ಜಸ್ನಾ ಬೀಳುತ್ತಿದ್ದಾಳೆ. ಬೆಳಿಗ್ಗೆ ರೊಟ್ಟಿ ತಿಂದು ಚೆನ್ನಾಗಿಯೇ ಶಾಲೆಗೆ ಹೋಗುತ್ತಾಳೆ, ಹತ್ತು ಗಂಟೆಯ ಹೊತ್ತಿಗೆ ಟೀಚರ್ ಫೋನ್ ಮಾಡುತ್ತಾರೆ. ಓಡಿಹೋಗಿ ನೋಡಿದರೆ ಮೈಯೆಲ್ಲ ಬೆವರು, ಕೈ ನಡುಕ, ನನ್ನ ಮುಖವನ್ನು ಯಾರದೋ ಮುಖ ಎಂಬ ಹಾಗೆ ನೋಡುತ್ತಾಳೆ. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 48. ಒಮ್ಮೆ 44. ಗ್ಲೂಕೋಸ್ ನೀರು ಕುಡಿಸಿ ಕಾಲು ಗಂಟೆ ಕಾದ ಮೇಲೆ “ಉಮ್ಮಾ” ಅನ್ನುತ್ತಾಳೆ. ಆ ಕಾಲು ಗಂಟೆ ನನ್ನೊಳಗೆ ಏನಾಗುತ್ತದೆಂದು ನನಗೆ ಬರೆಯಲು ಬರುವುದಿಲ್ಲ. ಒಂದೇ ತಿಂಗಳಲ್ಲಿ ಐದು ಸಲ ಹೀಗಾಯಿತು.

ಇನ್ಸುಲಿನ್ ಹೆಚ್ಚಾದರೆ ಹೀಗಾಗುತ್ತದೆ. ಇನ್ಸುಲಿನ್ ಕೊಡುವವಳು ನಾನು. ಆದ್ದರಿಂದ ತಪ್ಪು ಯಾರದೆಂದು ಮನೆಯಲ್ಲಿ ತೀರ್ಮಾನವಾಗಿ ಹೋಗಿದೆ. ಜಸ್ನಾಳ ಅಪ್ಪ ಇಮ್ತಿಯಾಝ್ ದಮ್ಮಾಮಿನಿಂದ ಫೋನ್ ಮಾಡಿ, “ನೀನು ಎಲ್ಲಿಗೋ ನೋಡಿಕೊಂಡು ಸೂಜಿ ಹಾಕುದು” ಎನ್ನುತ್ತಾರೆ. ಅತ್ತೆ, “ಒಮ್ಮೆ ಚುಚ್ಚಿದ್ದು ಮರೆತು ಪುನಃ ಚುಚ್ಚಿದ್ದಿ ಕಾಣ್ತದೆ” ಎನ್ನುತ್ತಾರೆ. ನಾನು ಫೋನು ಹೇಳಿದಷ್ಟೇ ಕೊಡುತ್ತೇನೆ, ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಈಗ ಆ ಗುರುತಿನ ಮೇಲೂ ಅನುಮಾನ. ಸೂಜಿ ಹಾಕಿ ಗುರುತು ಹಾಕಿದೆನೋ, ಗುರುತು ಹಾಕಿದ ಮೇಲೆ ಇನ್ನೊಮ್ಮೆ ಸೂಜಿ ಹಾಕಿದೆನೋ? ನನ್ನ ಕೈಯನ್ನೇ ನಂಬಲಾಗದೆ ನಿನ್ನೆ ಸಿರಿಂಜ್ ಹಿಡಿದು ನಾಲ್ಕು ಸಲ ಎಣಿಸಿದೆ.

ಇಪ್ಪತ್ತನೇ ತಾರೀಕಿಗೆ ಇಮ್ತಿಯಾಝ್ ರಜೆಯಲ್ಲಿ ಬರುತ್ತಾರೆ. ಬಂದ ಮೇಲೆ ಜಸ್ನಾಳನ್ನು ಬಂಟ್ವಾಳದಲ್ಲಿ ತಮ್ಮ ತಂಗಿ ಮಾಜಿದಾಳ ಮನೆಯಲ್ಲಿ ಬಿಡುತ್ತಾರಂತೆ. ಮಾಜಿದಾ ನರ್ಸಿಂಗ್ ಕಲಿತವಳು. ಅವಳ ಕೈಯಲ್ಲಿ ಮಗು ಬದುಕುತ್ತದೆ ಎಂದಾದರೆ ನಾನು ಬೇಡವೆನ್ನುವ ಹಾಗೂ ಇಲ್ಲ.

ಎರಡು ವರ್ಷದ ಹಿಂದೆ ಆ ಸೂಜಿಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟವಳು ನೀನು. ಅದೇ ವಾರ ನೀನು ನಮ್ಮ ಚಾವಡಿಯಲ್ಲಿ ಕುಳಿತು, “ಮಗುವನ್ನು ಅತ್ತೆ ನೋಡಿಕೊಳ್ತಾರೆ, ನೀನು ನಮ್ಮ ಕಾಲೇಜಿನ ಲ್ಯಾಬಿಗೆ ಕೆಲಸಕ್ಕೆ ಬಾ” ಎಂದೆ. ನಾನು ನಿನಗೆ ಎದ್ದು ಹೋಗು ಎಂದೆ. ಅದು ಈಗ ಬೇಡ. ನನಗೆ ಒಂದೇ ಒಂದು ಗೊತ್ತಾಗಬೇಕು: ನಾನು ಕೊಟ್ಟದ್ದು ಸರಿ ಇತ್ತೋ ಇಲ್ಲವೋ.

ಫೋನು ಸೂಜಿಗೆಂದು ಅಡುಗೆ ಮನೆಯ ಕಪಾಟಿನ ಮೇಲೆಯೇ ಇರುತ್ತದೆ, ಅದರಲ್ಲಿ ಮಾತಾಡಿದ್ದು ಬರೆದದ್ದು ಎಲ್ಲರಿಗೂ ತಿಳಿಯುತ್ತದೆ. ಅದಕ್ಕೇ ಬೆಳ್ತಂಗಡಿಗೆ ಮದ್ದು ತರಲು ಹೋದಾಗ ಇದನ್ನು ಕಂಡಕ್ಟರ್ ನೋಣಯ್ಯಣ್ಣನ ಕೈಯಲ್ಲಿ ಕೊಡುತ್ತೇನೆ. ಹಾಸ್ಟೆಲಿಗೆ ನನ್ನ ಉಮ್ಮ ಕಳಿಸುತ್ತಿದ್ದ ಮೀನಿನ ಡಬ್ಬಿಯನ್ನು ನೀನು ಮೂಗು ಮುಚ್ಚಿಕೊಂಡು ಇಳಿಸಿಕೊಳ್ಳುತ್ತಿದ್ದೆಯಲ್ಲ, ಅದೇ ಬಸ್ಸು.

ಫಿದಾ

•

ಮೂಡುಬಿದಿರೆ
4 ಡಿಸೆಂಬರ್ 2024

ಫಿದಾ,

ಮೊದಲು ಬೈಯುತ್ತೇನೆ. ಐದು ಸಲ ಬೀಳುವ ತನಕ ಕಾದೆಯಲ್ಲ, ನೀನು ಎಂಥ ಹೆಂಗಸು ಮಾರಾಯ್ತಿ! ನಾನು ಸಿಟ್ಟಿನವಳು ಹೌದು. ಮಗು ಬಿದ್ದಿದೆ ಎಂದರೂ ಫೋನ್ ಎತ್ತದಷ್ಟು ಸಿಟ್ಟಿನವಳು ಎಂದುಕೊಂಡೆಯಾ? ಬೈದದ್ದು ಮುಗಿಯಿತು.

ನಿನ್ನ ಕೈ ತಪ್ಪುವ ಕೈಯಲ್ಲ. ಮೂರು ವರ್ಷ ನಿನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತವಳು ನಾನು. ಲ್ಯಾಬ್ ರೆಕಾರ್ಡಿನಲ್ಲಿ ಒಂದು ಅರ್ಧವಿರಾಮ ಬಿಟ್ಟುಹೋಯಿತೆಂದು ಇಡೀ ಪುಟ ಪುನಃ ಬರೆಯುತ್ತಿದ್ದವಳು ಸೂಜಿಯನ್ನು ಎರಡು ಸಲ ಹಾಕಿ ಮರೆಯುವುದಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಸಮಾಧಾನ ಹೇಳಲು ನನಗೆ ಬರುವುದೂ ಇಲ್ಲ, ನಿನಗೆ ಗೊತ್ತುಂಟು.

ನನಗೆ ಬೇರೆ ಕಡೆ ಹೆದರಿಕೆಯಾಗುತ್ತಿದೆ. ನಾನು ಮಾಡಿಕೊಟ್ಟ ಪ್ರೋಗ್ರಾಂ ಪೈಥಾನ್ ಭಾಷೆಯದು, ಅದು ಇದ್ದದ್ದು ನಿನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ. ನೀನು “ಫೋನು ಹೇಳಿದಷ್ಟು” ಎಂದು ಬರೆದಿದ್ದೀ. ಲ್ಯಾಪ್‌ಟಾಪಿನಿಂದ ಫೋನಿಗೆ ಅದು ಹೋದದ್ದು ಹೇಗೆ? ಯಾವಾಗ?

ಈಗ ಫೋನಿನಲ್ಲಿರುವುದನ್ನು ಕೈಯಲ್ಲಿ ಬರೆದು ಕಳಿಸು. ಫೋಟೋ ಬೇಡ, ಕೈಯಲ್ಲಿಯೇ, ರೆಕಾರ್ಡ್ ಬರೆದ ಹಾಗೆ. ಜೊತೆಗೆ ಹದಿನೈದು ದಿನದ ಬೆಳಗಿನ ಸಕ್ಕರೆ, ಫೋನು ಹೇಳಿದ ಯೂನಿಟ್, ಬಿದ್ದ ದಿನ. ನಾನು ಕಾಗದದ ಮೇಲೆ ಒಂದೊಂದೇ ಸಾಲು ನಡೆಸಿ ನೋಡುತ್ತೇನೆ. ಕಾಲೇಜಿನಲ್ಲಿ ಡ್ರೈ ರನ್ ಎಂದರೆ ನೀನು ಆಕಳಿಸುತ್ತಿದ್ದೆ. ಈಗ ಆಕಳಿಸಬೇಡ.

ಅಲ್ಲಿಯವರೆಗೆ ಡಾಕ್ಟರರು ಬರೆದುಕೊಟ್ಟ ಚೀಟಿ ನೋಡಿಯೇ ಕೊಡು. ಮತ್ತೆ, ಫೋನಿನಲ್ಲಿ ಲೆಕ್ಕ ಹಾಕುತ್ತೀ ಎಂದು ಡಾಕ್ಟರರಿಗೆ ಹೇಳಿದ್ದೀಯಾ?

ಶ್ರೇಯಾ

•

ಕಕ್ಕಿಂಜೆ
7 ಡಿಸೆಂಬರ್ 2024

ಶ್ರೇಯಾ,

ಇಲ್ಲ, ಡಾಕ್ಟರರಿಗೆ ಹೇಳಿಲ್ಲ. ಬೈಯುತ್ತಾರೆಂದು ಹೆದರಿಕೆ. ಅವರ ಚೀಟಿಯೂ ಇಲ್ಲ, ಗೋಡೆಗೆ ಅಂಟಿಸಿದ್ದು ಸುಣ್ಣ ಹೊಡೆಯುವಾಗ ಹೋಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ, ಅಳತೆ ಸರಿ ನೋಡಿ, ಇಪ್ಪತ್ತನೇ ತಾರೀಕಿಗೆ ಪುಸ್ತಕ ಹಿಡಿದುಕೊಂಡು ಬನ್ನಿ ಎಂದರು. ಅಳತೆ ಸರಿಯಾಗಿಯೇ ಉಂಟಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಲ್ಯಾಪ್‌ಟಾಪ್ ಕೆಟ್ಟಿತು. ನಿನ್ನನ್ನು ಕೇಳಬಹುದಿತ್ತು, ಹಟಕ್ಕೆ ಕೇಳಲಿಲ್ಲ. ನೀನು ಕಾಗದದಲ್ಲಿ ಬರೆದಿಟ್ಟ ಪ್ರತಿ ನನ್ನಲ್ಲಿತ್ತು, ಅದನ್ನೇ ನೋಡಿ ಫೋನಿಗೆ ಜಾವಾ ಭಾಷೆಯಲ್ಲಿ ನಾನೇ ಬರೆದೆ. ಮದುವೆಯ ನಂತರ ಮೊದಲ ಸಲ ನಾನು ಬರೆದದ್ದೊಂದು ಓಡಿತು. ಆ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅತ್ತೆಗೆ, ಶಾಲೆಯ ಟೀಚರಿಗೆ, ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕುಳಿತವರಿಗೆಲ್ಲ ತೋರಿಸಿದೆ.

ಸಾಲು ಸಾಲಾಗಿ ಬರೆದು ಇಟ್ಟಿದ್ದೇನೆ. ಲೆಕ್ಕ ನಿನ್ನದೇ: ತಿಂಡಿಗೆ 4 ಯೂನಿಟ್. ಸಕ್ಕರೆಯಿಂದ 120 ಕಳೆದು 50ರಿಂದ ಭಾಗಿಸಿ ಬಂದ ಪೂರ್ಣಾಂಕವನ್ನು ಆ ನಾಲ್ಕಕ್ಕೆ ಸೇರಿಸುವುದು. ಒಂದು ಕಡೆ ಮಾತ್ರ ಬದಲಾಯಿಸಿದೆ. ಭಾಗಿಸುವಲ್ಲಿ ನೀನು // ಎಂದು ಎರಡು ಓರೆಗೀಟು ಹಾಕಿದ್ದೆ. ಜಾವಾದಲ್ಲಿ ಎರಡು ಹಾಕಿದರೆ ಮುಂದಿನದ್ದೆಲ್ಲ ಬರೀ ಟಿಪ್ಪಣಿ ಎಂದು ಬಿಟ್ಟುಬಿಡುತ್ತದೆ, ಹಾಗಾಗಿ ಒಂದು ಗೀಟು ತೆಗೆದೆ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಜಾವಾ ದಶಮಾಂಶ ಬಿಟ್ಟೇ ಕೊಡುತ್ತದೆ, ಅಷ್ಟು ನನಗೆ ನೆನಪುಂಟು. 170, 235, 310 ಹಾಕಿ ಪರೀಕ್ಷಿಸಿದೆ. ಒಂದು, ಎರಡು, ಮೂರು ಹೆಚ್ಚು ಬಂತು, ನಿನ್ನದರಲ್ಲಿ ಬರುತ್ತಿದ್ದ ಹಾಗೆಯೇ.

ಇನ್ನೊಂದು ವಿಷಯ ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಗುರುವಾರ ಅತ್ತೆ ಸೂಜಿಯ ಡಬ್ಬಿ ತೆಗೆದು ತಮ್ಮ ಕಪಾಟಿನಲ್ಲಿಟ್ಟುಕೊಂಡರು. ನಿನ್ನೆ ಬೆಳಿಗ್ಗೆ ಸಕ್ಕರೆ 88 ಇತ್ತು, ಫೋನು 4 ಎಂದಿತು, ಅತ್ತೆಯೇ ಹಾಕಿದರು. ನನ್ನನ್ನು ಹತ್ತಿರ ಬಿಡಲಿಲ್ಲ. ಹತ್ತೂಕಾಲಕ್ಕೆ ಜಸ್ನಾ ಬಿದ್ದಳು. ಸಂಜೆ ಇಮ್ತಿಯಾಝ್ ಫೋನ್ ಮಾಡಿದಾಗ ಅತ್ತೆ, “ಫಿದಾ ಕೊಟ್ಟದ್ದು” ಎಂದರು.

ಹಾಗೆನ್ನುವಾಗ ಅವರ ಮುಖದಲ್ಲಿ ನನ್ನದೇ ಹೆದರಿಕೆ ಇತ್ತು.

ಫಿದಾ

•

ಮೂಡುಬಿದಿರೆ
10 ಡಿಸೆಂಬರ್ 2024

ಫಿದಾ,

ನಿನ್ನೆ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ನಿಮ್ಮ ಅತ್ತೆಯ ಹತ್ತಿರ ಕಿರುಚಿದ್ದಕ್ಕೆ ನನ್ನ ಪರವಾಗಿ ಕ್ಷಮೆ ಕೇಳು. “ನಫೀಸಮ್ಮ, ಸೂಜಿ ಹಾಕಬೇಡಿ, ಫೋನು ಸುಳ್ಳು ಹೇಳ್ತದೆ” ಎಂದು ಹೇಳುವಾಗ ಅವರು ಫೋನ್ ಇಟ್ಟುಬಿಟ್ಟರೆ ಏನು ಮಾಡುವುದೆಂದು ಹೆದರಿಕೆ. ಅವರು ಇಡಲಿಲ್ಲ. “ಎಷ್ಟು ಹಾಕುದು, ಹೇಳು ಮಗಳೇ” ಎಂದರು. ನಾನು ಡಾಕ್ಟರಲ್ಲ, ಡಾಕ್ಟರರನ್ನು ಕೇಳದೆ ಹಾಕಬೇಡಿ ಎಂದೆ. ಆಮೇಲೆ ನಿನ್ನ ಹತ್ತಿರ ಅವಸರದಲ್ಲಿ ಹೇಳಿದ್ದನ್ನು ಈಗ ಸರಿಯಾಗಿ ಬರೆಯುತ್ತೇನೆ.

ಡಾಕ್ಟರರ ಚೀಟಿಯ ನಕಲು ನನ್ನ ಹಳೆಯ ಫೈಲಿನಲ್ಲಿತ್ತು. ಅದರ ಮೊದಲ ಸಾಲು: 120ಕ್ಕಿಂತ ಕಡಿಮೆ ಇದ್ದರೆ ಒಂದು ಯೂನಿಟ್ ಕಡಿಮೆ ಕೊಡಿ. ನಿನ್ನ ಪಟ್ಟಿಯಲ್ಲಿ ಜಸ್ನಾ ಬಿದ್ದ ದಿನಗಳಿಗೆಲ್ಲ ಗೀಟು ಹಾಕಿದೆ. 85, 92, 78, 88. ಒಂದೂ 120 ಮುಟ್ಟಿಲ್ಲ. 150, 180 ಇದ್ದ ದಿನ ಒಮ್ಮೆಯೂ ಬಿದ್ದಿಲ್ಲ.

85ರಿಂದ 120 ಕಳೆದರೆ ಮೈನಸ್ 35. ಅದನ್ನು 50ರಿಂದ ಭಾಗಿಸಿದರೆ ಮೈನಸ್ 0.7. ಇಲ್ಲಿಯ ತನಕ ಎರಡು ಭಾಷೆಯಲ್ಲೂ ಒಂದೇ. ಈಗ ದಶಮಾಂಶ ಬಿಟ್ಟು ಪೂರ್ಣಾಂಕ ಬೇಕು. ಒಬ್ಬ ಎರಡು ಮೆಟ್ಟಿಲಿನ ನಡುವೆ ಕಾಲೆತ್ತಿ ನಿಂತಿದ್ದಾನೆ ಎಂದುಕೊ. ಪೈಥಾನಿನ // ಯಾವಾಗಲೂ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ, ಆದ್ದರಿಂದ ಮೈನಸ್ ಒಂದು. ಜಾವಾ ಬಾಲವನ್ನು ಕತ್ತರಿಸಿ ಸೊನ್ನೆಯ ಕಡೆಗೆ ಹೋಗುತ್ತದೆ, ಆದ್ದರಿಂದ ಸೊನ್ನೆ. ಸೊನ್ನೆಯ ಮೇಲಿರುವ ಸಂಖ್ಯೆಗಳಲ್ಲಿ ಕೆಳಗಿಳಿದರೂ ಸೊನ್ನೆಯ ಕಡೆಗೆ ಹೋದರೂ ಒಂದೇ ಮೆಟ್ಟಿಲು ಸಿಗುತ್ತದೆ. 170, 235, 310ರಲ್ಲಿ ಏನೂ ಕಾಣದೇ ಇದ್ದದ್ದು ಅದಕ್ಕೆ. ಸೊನ್ನೆಯ ಕೆಳಗೆ ಹೋದಾಗ ಮಾತ್ರ ದಾರಿ ಬೇರೆಯಾಗುತ್ತದೆ. ನನ್ನದು ಮೂರು ಎಂದಿರುತ್ತಿತ್ತು, ಫೋನು ನಾಲ್ಕು ಎಂದಿತು. ಅಷ್ಟೇ. ಒಂದೇ ಯೂನಿಟ್. ಅಷ್ಟು ಸಣ್ಣ ಮಗುವಿಗೆ ಅದು ಅಷ್ಟೇ ಅಲ್ಲ.

ನೀನು ಹೆಚ್ಚಿನ ಸಕ್ಕರೆಯನ್ನೇ ಹಾಕಿ ಪರೀಕ್ಷಿಸಿದ್ದು ಯಾಕೆಂದು ನನಗೆ ಗೊತ್ತು. ನಮಗೆಲ್ಲ ಸಕ್ಕರೆ ಏರುವ ಹೆದರಿಕೆ, ಇಳಿಯುವ ಹೆದರಿಕೆ ಇರಲಿಲ್ಲ. ಲ್ಯಾಬಿನಲ್ಲಿಯೂ ಹಾಗೆಯೇ ಅಲ್ಲವಾ, ರೆಕಾರ್ಡಿಗೆ ಚಂದ ಕಾಣುವ ಮೂರು ಸಂಖ್ಯೆ ಹಾಕಿ, ಉತ್ತರ ಬಂದ ಮೇಲೆ ಮೇಡಂ ಸಹಿ ಹಾಕಿದರೆ ಊಟಕ್ಕೆ ಹೋಗುತ್ತಿದ್ದೆವು. ಈಗ ನಾನೇ ಮೇಡಂ. ಇಪ್ಪತ್ತು ವರ್ಷದ ಮಕ್ಕಳಿಗೆ ನಾನೂ ಹಾಗೆಯೇ ಸಹಿ ಹಾಕುತ್ತಿದ್ದೇನೆ.

ಇನ್ನು ನನ್ನ ತಪ್ಪು. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಈ ವ್ಯತ್ಯಾಸ ನನಗೂ ಗೊತ್ತಿರಲಿಲ್ಲ ಫಿದಾ. ನನ್ನ ಪ್ರೋಗ್ರಾಂ ಚೀಟಿಯ ಜೊತೆ ಸರಿ ಹೊಂದಿತು, ನಾನು ಬುದ್ಧಿವಂತೆ ಎಂದುಕೊಂಡೆ. ಯಾಕೆ ಹೊಂದಿತೆಂದು ಕೇಳಲಿಲ್ಲ. ಅಂದು ನನಗೆ ಯಾರಾದರೂ ಜಾವಾದಲ್ಲಿ ಬರೆ ಎಂದಿದ್ದರೆ ನೀನು ಬರೆದದ್ದನ್ನೇ ಅಕ್ಷರಕ್ಕಕ್ಷರ ಬರೆಯುತ್ತಿದ್ದೆ. ಎರಡು ವರ್ಷ ಜಸ್ನಾ ಬೀಳದೆ ಇದ್ದದ್ದು ನನ್ನ ಬುದ್ಧಿಯಿಂದಲ್ಲ. ಇದನ್ನು ತಿಳಿದ ಮೇಲೆ ಎರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಚೀಟಿಯ ನಕಲು ಇಟ್ಟಿದ್ದೇನೆ. ಫೋನಿನಲ್ಲಿರುವುದನ್ನು ಅಳಿಸು. ಡಾಕ್ಟರರಿಗೆ ಎಲ್ಲವನ್ನೂ ಹೇಳು, ಬೈದರೆ ಬೈಸಿಕೊ.

ಇನ್ನೊಂದು ಪ್ರಶ್ನೆ. ಅದನ್ನು ಬೇರೆ ಯಾರ ಫೋನಿಗಾದರೂ ಹಾಕಿಕೊಟ್ಟಿದ್ದೀಯಾ?

ಶ್ರೇಯಾ

•

ಕಕ್ಕಿಂಜೆ
13 ಡಿಸೆಂಬರ್ 2024

ಶ್ರೇಯಾ,

ನಾಲ್ಕು ಬೆಳಿಗ್ಗೆ ಕಳೆಯಿತು, ಜಸ್ನಾ ಬೀಳಲಿಲ್ಲ. ಇವತ್ತು ಶಾಲೆಯಿಂದ ಬಂದವಳೇ, “ಉಮ್ಮಾ, ಇವತ್ತು ಆಟದಲ್ಲಿ ನಾನು ಔಟಾಗಲೇ ಇಲ್ಲ” ಎಂದಳು. ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತು ಬಂದೆ.

ಡಾಕ್ಟರರು ಬೈದರು. ನಾನು ಎಣಿಸಿದಷ್ಟು ಬೈಯಲಿಲ್ಲ. ಹೊಸ ಚೀಟಿ ಬರೆದು ಕೊಟ್ಟರು, ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದೇನೆ. ಅತ್ತೆ ಸೂಜಿಯ ಡಬ್ಬಿಯನ್ನು ತಾವಾಗಿಯೇ ತಂದು ನನ್ನ ಮುಂದೆ ಇಟ್ಟರು. ಸಂಜೆ ಮಗನಿಗೆ ಫೋನಿನಲ್ಲಿ, “ಅವತ್ತು ಸೂಜಿ ಹಾಕಿದ್ದು ನಾನು, ಫಿದಾ ಅಲ್ಲ” ಎಂದರು.

ನಿನ್ನ ತಪ್ಪು ಎಂದೆಲ್ಲ ಬರೆಯಬೇಡ. ಊಟ ಮಾಡು. ಚಳಿ ಶುರುವಾಗಿದೆ, ಚಾರ್ಮಾಡಿಯ ಕಡೆ ಬೆಳಿಗ್ಗೆ ಮಂಜು ಕಾಣಿಸುತ್ತದೆ. ಜಸ್ನಾಳಿಗೆ ನಿನ್ನ ನೆನಪುಂಟಂತೆ, ಕನ್ನಡಕದ ಆಂಟಿ ಎನ್ನುತ್ತಾಳೆ. ಕ್ರಿಸ್ಮಸ್ ರಜೆಯಲ್ಲಿ ಬಾ.

ಫಿದಾ

•

ಮೂಡುಬಿದಿರೆ
16 ಡಿಸೆಂಬರ್ 2024

ಫಿದಾ,

ಚಳಿ, ಮಂಜು, ಕನ್ನಡಕ ಎಲ್ಲ ಬರೆದಿದ್ದೀ. ನಾನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರೆದಿಲ್ಲ.

ಏಳನೇ ತಾರೀಕಿನ ನಿನ್ನ ಪತ್ರವನ್ನು ಪುನಃ ತೆಗೆದು ಓದಿದೆ. “ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕುಳಿತವರಿಗೆಲ್ಲ ತೋರಿಸಿದೆ.” ಮಕ್ಕಳ ಸಕ್ಕರೆ ಕಾಯಿಲೆಯ ಬೆಂಚು ಅದು. ತೋರಿಸಿದ್ದು ಮಾತ್ರವಾ?

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಹಾಗಾಗಿ ಇದನ್ನು ನೋಣಯ್ಯಣ್ಣನ ಕೈಯಲ್ಲಿ ಕೊಟ್ಟು, ಬೆಳ್ತಂಗಡಿಯಲ್ಲಿ ಕಕ್ಕಿಂಜೆಯ ಬಸ್ಸಿಗೆ ದಾಟಿಸಿ ಇವತ್ತೇ ಮುಟ್ಟಿಸಬೇಕೆಂದು ಹೇಳಿದ್ದೇನೆ. ಅವನು ನನ್ನ ಮುಖ ನೋಡಿ ಯಾರಿಗಾದರೂ ಕಾಯಿಲೆ ಜೋರಾ ಎಂದು ಕೇಳಿದ. ಏನು ಹೇಳಲಿ?

ಶ್ರೇಯಾ

•

ಬಿ.ಸಿ. ರೋಡ್ ಬಸ್ ನಿಲ್ದಾಣ
18 ಡಿಸೆಂಬರ್ 2024

ಶ್ರೇಯಾ,

ಜಸ್ನಾಳ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಬಸ್ಸಿಗೆ ಇನ್ನೂ ಹೊತ್ತುಂಟು.

ಹೌದು, ಕೊಟ್ಟಿದ್ದೆ. ನವೆಂಬರಿನಲ್ಲಿ, ನರಿಕೊಂಬಿನ ಒಬ್ಬಳು ತಾಯಿಗೆ. ಅವಳ ಮಗಳು ಮೋಕ್ಷಿತಾಳಿಗೆ ಒಂಬತ್ತು ವರ್ಷ. ಚೀಟಿ ನೋಡಿ ಕೂಡಿಸುವಾಗ ತಲೆ ತಿರುಗುತ್ತದೆ ಎಂದಳು. ನಾನು ದೊಡ್ಡ ಮನಸ್ಸು ಮಾಡಿ, ಅವಳ ಮಗಳ ತಿಂಡಿಗೆ ತಕ್ಕಂತೆ 5 ಎಂದು ಬದಲಾಯಿಸಿ ಅವಳ ಫೋನಿಗೆ ಹಾಕಿಕೊಟ್ಟೆ. ಅವಳು ನನ್ನ ಕೈ ಹಿಡಿದು ಥ್ಯಾಂಕ್ಸ್ ಎಂದಳು.

ನಿನ್ನ ಪತ್ರ ನನಗೆ ಹನ್ನೊಂದನೇ ತಾರೀಕಿಗೇ ಸಿಕ್ಕಿತ್ತು, ಆ ಪ್ರಶ್ನೆ ಓದಿದಾಗಲೇ ಅವಳ ನೆನಪಾದದ್ದು. ಆಗಿನಿಂದ ದಿನವೂ ಅವಳ ನಂಬರಿಗೆ ಕದ್ದು ಫೋನ್ ಮಾಡಿದೆ, ವ್ಯಾಪ್ತಿಯ ಹೊರಗೆ ಎನ್ನುತ್ತಿತ್ತು. ವಿಳಾಸ ಗೊತ್ತಿರಲಿಲ್ಲ ಎಂದು ಹೇಳಬಹುದು. ಆದರೆ ನರಿಕೊಂಬು, ಲೋಕಯ್ಯರ ಮನೆ ಎಂದು ಅವಳು ಹೇಳಿದ್ದು ನೆನಪಿತ್ತು. ಹೋಗಲಿಲ್ಲ. ಇಪ್ಪತ್ತಕ್ಕೆ ಇಮ್ತಿಯಾಝ್ ಬರುತ್ತಾರೆ, ಇನ್ನೊಂದು ಮಗುವಿಗೂ ಹೀಗಾಗಿದೆ ಎಂದು ತಿಳಿದರೆ ಜಸ್ನಾಳನ್ನು ನನ್ನ ಹತ್ತಿರ ಬಿಡುತ್ತಾರಾ? ಅದೊಂದೇ ಹೆದರಿಕೆ. ಆ ಹೆದರಿಕೆಗೆ ಏಳು ದಿನ ಕೊಟ್ಟೆ.

ಇವತ್ತು ಜಸ್ನಾಳನ್ನು ಅತ್ತೆಯ ಕೈಗೆ ಒಪ್ಪಿಸಿ ಹೊರಟೆ. ಇಲ್ಲಿಂದ ರಿಕ್ಷಾದಲ್ಲಿ ಹೊಳೆ ದಾಟಿ ನರಿಕೊಂಬಿಗೆ ಹೋದರೆ ಲೋಕಯ್ಯರ ಮನೆಗೆ ಬೀಗ. ಪಕ್ಕದ ಮನೆಯವರು, “ಸೋಮವಾರ ಮಗುವಿಗೆ ಫಿಟ್ಸ್ ಬಂತು, ಬಂಟ್ವಾಳದ ಆಸ್ಪತ್ರೆಯಲ್ಲಿ ಉಂಟು” ಎಂದರು. ನಾನು ಅಲ್ಲಿಯೇ ಅವರ ಕಟ್ಟೆಯಲ್ಲಿ ಕುಳಿತುಬಿಟ್ಟೆ. ಹನ್ನೊಂದಕ್ಕೇ ಬಸ್ ಹತ್ತಿದ್ದರೆ ಈ ಸೋಮವಾರ ಬರುತ್ತಲೇ ಇರಲಿಲ್ಲ. ಯಾವ ಭಾಷೆಯಲ್ಲಿ ಭಾಗಿಸಿದರೂ ಈ ಲೆಕ್ಕ ಬೇರೆಯಾಗುವುದಿಲ್ಲ.

ಮೋಕ್ಷಿತಾ ಬದುಕಿದ್ದಾಳೆ. ನಾನು ಆಸ್ಪತ್ರೆ ಮುಟ್ಟುವಾಗ ಎದ್ದು ಕುಳಿತು ಬಿಸ್ಕತ್ತು ತಿನ್ನುತ್ತಿದ್ದಳು. ಕೈಗೆ ಡ್ರಿಪ್ ಇತ್ತು. ನಾಳೆ ಮನೆಗೆ ಬಿಡುತ್ತಾರಂತೆ. ಅವಳ ತಾಯಿ ಮಂಚದಿಂದ ದೂರ, ಬಾಗಿಲ ಹತ್ತಿರ ಸ್ಟೂಲಿನಲ್ಲಿ ಕುಳಿತಿದ್ದಳು. ಒಂದೇ ತಿಂಗಳಲ್ಲಿ ಅರ್ಧ ಆಗಿಹೋಗಿದ್ದಾಳೆ. ಅಜ್ಜ ಲೋಕಯ್ಯ, ನಾನು ಮಗುವನ್ನು ನೋಡಲು ಬಂದ ನೆಂಟರವಳು ಎಂದುಕೊಂಡು, “ಇವಳ ಕೈಯಲ್ಲಿ ಮದ್ದು ಕೊಟ್ಟದ್ದೇ ತಪ್ಪಾಯಿತು. ಇನ್ನು ಸೂಜಿ ಮುಟ್ಟಲಿಕ್ಕೆ ಬಿಡುದಿಲ್ಲ” ಎಂದರು. ಅವಳು ತಲೆ ತಗ್ಗಿಸಿ ತನ್ನ ಎರಡು ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಹಾಗೆ ನೋಡಿಕೊಳ್ಳುವುದು ಏನೆಂದು ನನಗೆ ಗೊತ್ತು.

ಬರುವಾಗ ದಾರಿಯುದ್ದಕ್ಕೂ ನಾಜೂಕಿನ ಮಾತು ಕಟ್ಟಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ.

“ಅಜ್ಜ, ತಪ್ಪು ಇವರದ್ದಲ್ಲ. ಆ ಫೋನಿನ ಲೆಕ್ಕ ಬರೆದದ್ದು ನಾನು. ನಾನು ತಪ್ಪು ಬರೆದಿದ್ದೇನೆ. ಗೊತ್ತಾಗಿ ಏಳು ದಿನ ಆಯಿತು, ಹೆದರಿ ಬರಲಿಲ್ಲ” ಎಂದೆ.

ಅಜ್ಜ ಮಂಚದ ಹತ್ತಿರದಿಂದ ನನ್ನ ಕಡೆ ಬಂದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೂ ಅನ್ನಿಸಿತು. ಅಷ್ಟರಲ್ಲಿ ಅವಳು ಸ್ಟೂಲಿನಿಂದ ಎದ್ದು ಬಂದಳು.

“ಹಾಗಾದರೆ ಅಕ್ಕಾ, ನಾನು ಕೊಟ್ಟದ್ದು ಸರಿ ಇತ್ತಾ?”

“ಸರಿಯೇ ಇತ್ತು” ಎಂದೆ.

ನನ್ನನ್ನು ಬೈದು ಹೊರಗೆ ಹಾಕಬೇಕಾದವಳು ನನ್ನನ್ನೇ ಹಿಡಿದುಕೊಂಡು ಅತ್ತಳು. ಮೋಕ್ಷಿತಾ ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿ ನೋಡಿದಳು. ಅಜ್ಜ ಹೊರಗೆ ಹೋದರು, ಸ್ವಲ್ಪ ಹೊತ್ತಿನಲ್ಲಿ ಮೂರು ಚಹಾ ತಂದು ಒಂದನ್ನು ಸೊಸೆಯ ಕೈಯಲ್ಲಿ ಕೊಟ್ಟರು. ನನಗೂ ಒಂದು ಕೊಟ್ಟರು, ನನ್ನ ಮುಖ ನೋಡಲಿಲ್ಲ.

ನಾಡಿದ್ದು ಇಮ್ತಿಯಾಝ್ ಬಂದಾಗ ನಾನೇ ಹೇಳುತ್ತೇನೆ, ಇನ್ನೊಬ್ಬರ ಬಾಯಿಂದ ಕೇಳುವ ಮೊದಲು. ಆಮೇಲೆ ಜಸ್ನಾ ಎಲ್ಲಿರುತ್ತಾಳೆಂದು ಗೊತ್ತಿಲ್ಲ. ನೀನು ಬಂದು ನನ್ನ ಪಕ್ಕ ನಿಲ್ಲುತ್ತೀಯಾ? ಲೆಕ್ಕ ವಿವರಿಸಲು ಬೇಡ, ಸುಮ್ಮನೆ ನಿಂತರೆ ಸಾಕು.

ಹೊರಡುವ ಮೊದಲು ಅವಳ ಫೋನು ಇಸಿದುಕೊಂಡು ಅದನ್ನು ನಾನೇ ಅಳಿಸಿದೆ. ಅಳಿಸುವ ಮುಂಚೆ ಒಮ್ಮೆ 85 ಎಂದು ಒತ್ತಿ ನೋಡಿದೆ. ಅದು ಕೂಡಲೇ 5 ಎಂದಿತು. ಅದಕ್ಕೆ ಒಂದು ಚೂರೂ ಹೆದರಿಕೆ ಇರಲಿಲ್ಲ.

ಫಿದಾ